ಗಾಲ್ಫ್ ಹುಲ್ಲಿಗೂ ಬೇಸಿಗೆ ಬರಲಿ

ಕೋಲಾರದ ಕಡೆ ‘ಕೆ.ಸಿ. ವ್ಯಾಲಿ ನೀರು’ ಅಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ, 2018ರಿಂದ ಅಲ್ಲಿನ ಕೆರೆಗಳಿಗೆ ಹರಿಸುತ್ತಿರುವ ನೀರು ಅದು. ಮೂರನೇ ಹಂತವೂ ಆಗಲಿ ಎಂದು ಅಲ್ಲಿನ ರೈತರು ಗಂಟಲು ಹರಿದುಕೊಂಡಿದ್ದಾರೆ. ಆ ಹೆಸರಿನಲ್ಲಿ ‘ಕೆ’ ಅಂದರೆ ಕೋರಮಂಗಲ, ‘ಸಿ’ ಅಂದರೆ ಚಲ್ಲಘಟ್ಟ. ಚಲ್ಲಘಟ್ಟದಲ್ಲೂ ಒಂದು ಕೆರೆಯಿತ್ತು. ಆ ಜಾಗದಲ್ಲಿ ಇವತ್ತಿರುವುದು ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಕೋರ್ಸ್.

ಕೆರೆ ನುಂಗಿದ್ದು ಗಾಲ್ಫ್ ಒಂದೇ ಅಲ್ಲ, ನಿಜ. ಧರ್ಮಾಂಬುಧಿಯ ಮೇಲೆ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ. ಆದರೆ ಮೆಜೆಸ್ಟಿಕ್ಕಿಗೆ ಹೋಗಲು ಯಾರೂ ಸದಸ್ಯತ್ವ ಕೇಳುವುದಿಲ್ಲ. ಕೆಲವರಿಗಷ್ಟೇ ತೆರೆಯುವ ಗೇಟಿನ ಒಳಗೆ ಊರಿನ ಕೆರೆ ಸೇರಿಕೊಂಡಿದ್ದರೆ, ಹೊರಗೆ ನಿಂತವರಿಗೆ ಲೆಕ್ಕ ಕೇಳುವ ಹಕ್ಕಿದೆ.

ಕ್ಲಬ್ಬುಗಳ ವಾದ ಗೊತ್ತಿರುವುದೇ: ನಾವಿಲ್ಲದಿದ್ದರೆ ಇಲ್ಲಿ ಅಪಾರ್ಟ್‌ಮೆಂಟ್ ಎದ್ದಿರುತ್ತಿತ್ತು, ಮರಗಳಿವೆ, ಹಕ್ಕಿಗಳಿವೆ, ಮಳೆನೀರು ಇಂಗುತ್ತದೆ. ಒಪ್ಪೋಣ. ಕೋರ್ಸುಗಳನ್ನು ಮುಚ್ಚಿ ಎನ್ನುವವರ ಜೊತೆ ನಾನಿಲ್ಲ. ಮುಚ್ಚಿದ ಮರುದಿನ ಬಿಲ್ಡರುಗಳು ಸಾಲುಗಟ್ಟುತ್ತಾರೆ. ಆದರೆ ಮರದ ಪುಣ್ಯವನ್ನು ಹುಲ್ಲಿನ ಖಾತೆಗೆ ಬರೆದುಕೊಳ್ಳಬಾರದು. ಗೇಣುದ್ದ ಬೆಳೆಯುವ ಮೊದಲೇ ಕತ್ತರಿಸಿಕೊಳ್ಳುವ, ಗೊಬ್ಬರ ಕೀಟನಾಶಕಗಳ ಮೇಲೆ ಬದುಕುವ ಹುಲ್ಲುಹಾಸು ಕಾಡಲ್ಲ. ಚಲ್ಲಘಟ್ಟದ ಕಣಿವೆ ಇಳಿಯುವುದು ಬೆಳ್ಳಂದೂರು ಕೆರೆಗೆ. ಆ ಕೆರೆಯಲ್ಲಿ ಎದ್ದ ನೊರೆ, ಹತ್ತಿದ ಬೆಂಕಿಯ ಪಾಪ ಬಹುಪಾಲು ಚರಂಡಿಯದ್ದೇ ಇರಬಹುದು. ಹಾಗೆಂದು ಮೇಲಿನ ಹುಲ್ಲಿನಿಂದ ತೊಳೆದುಹೋಗುವ ಗೊಬ್ಬರ ಬೇರೆ ಊರಿಗೆ ಹೋಗುವುದಿಲ್ಲ.

‘ನಾವು ಶುದ್ಧೀಕರಿಸಿದ ನೀರನ್ನೇ ಬಳಸುತ್ತೇವೆ’ ಎನ್ನುವುದು ಗಾಲ್ಫ್ ಜಗತ್ತಿನ ಎರಡನೇ ಮಂತ್ರ. ಬಳಸುವವರು ಬಳಸಲಿ, ಸಂತೋಷ. ಎಷ್ಟು? ಬೋರ್‌ವೆಲ್ಲಿನದೆಷ್ಟು? 2024ರ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ, ಕೈತೋಟಕ್ಕೆ ಬಿಟ್ಟವರಿಗೆ 5,000 ರೂಪಾಯಿ ದಂಡ ಎಂದಿತು. ಬಾಲ್ಕನಿಯ ಕುಂಡಕ್ಕೆ ಲೆಕ್ಕವಿರುವ ಊರಿನಲ್ಲಿ ಎಕರೆಗಟ್ಟಲೆ ಹುಲ್ಲಿಗೂ ಮೀಟರ್ ಬೇಡವೇ?

ಬೇಸಿಗೆಯಲ್ಲೂ ಹಸಿರಿರಲೇಬೇಕು ಎಂಬ ಹಟ ಆಟದ ನಿಯಮದಲ್ಲಿಲ್ಲ, ಟಿವಿ ಕಲಿಸಿದ ಚಾಳಿ. ಅಮೆರಿಕದ ಪೈನ್‌ಹರ್ಸ್ಟ್‌ನ 2ನೇ ನಂಬರಿನ ಕೋರ್ಸಿನಲ್ಲಿ 2010–11ರಲ್ಲಿ ಸುಮಾರು 35 ಎಕರೆ ಹುಲ್ಲುಹಾಸು ಕಿತ್ತು, ಮರಳಿಗೂ ಕಾಡುಹುಲ್ಲಿಗೂ ಜಾಗ ಬಿಟ್ಟರು. 1,150ರಷ್ಟಿದ್ದ ಸ್ಪ್ರಿಂಕ್ಲರುಗಳನ್ನು 450ಕ್ಕೆ ಇಳಿಸಿದರು. 2014ರಲ್ಲಿ ಅಲ್ಲಲ್ಲಿ ಕಂದಿದ ಆ ನೆಲದ ಮೇಲೆಯೇ ಪುರುಷರ, ಮಹಿಳೆಯರ ಯುಎಸ್ ಓಪನ್ ಎರಡೂ ನಡೆದವು. ಅಷ್ಟು ದೂರ ಏಕೆ? ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಧಾತು–ಈಶ್ವರ ಸಂವತ್ಸರಗಳ ಮಹಾಬರ ಶುರುವಾದ ವರ್ಷ ಅದು. ಹೆಸರಘಟ್ಟದ ನೀರು ನಲ್ಲಿಯಲ್ಲಿ ಬರಲು ಇನ್ನೂ ಸುಮಾರು ಇಪ್ಪತ್ತು ವರ್ಷವಿತ್ತು. ಸ್ಪ್ರಿಂಕ್ಲರ್ ಇಲ್ಲದೆ ಈ ಊರಿನಲ್ಲಿ ಗಾಲ್ಫ್ ಬದುಕಿ ತೋರಿಸಿದೆ.

ಹಾಗಾಗಿ ಕೇಳುತ್ತಿರುವುದು ದೊಡ್ಡದೇನಲ್ಲ. ಬೋರ್‌ವೆಲ್, ಟ್ಯಾಂಕರ್, ಶುದ್ಧೀಕರಿಸಿದ ನೀರು – ಮೂರರ ಲೆಕ್ಕವೂ ತಿಂಗಳು ತಿಂಗಳು ಗೇಟಿನ ಫಲಕದ ಮೇಲೆ ಬರಲಿ. ಯಾವ ಗೊಬ್ಬರ, ಯಾವ ಔಷಧಿ, ಎಷ್ಟು ಎಂಬುದೂ ಅದರ ಕೆಳಗಿರಲಿ. ಮಾರ್ಚ್‌ನಿಂದ ಮುಂಗಾರಿನವರೆಗೆ ನೀರು ಗ್ರೀನ್‌ಗಳಿಗೆ, ಅಂದರೆ ಕುಳಿಗಳ ಸುತ್ತಲಿನ ಹುಲ್ಲಿಗೆ ಅಷ್ಟೇ. ಅಲ್ಲಿಯವರೆಗಿನ ಹುಲ್ಲಿನ ಹಾದಿ, ಫೇರ್‌ವೇ, ಒಣಗಲಿ, ಜೂನ್ ಮಳೆಗೆ ತಾನೇ ಚಿಗುರುತ್ತದೆ. ಕೆರೆಯಂಗಳದಲ್ಲಿ ಕೂತ ಕೋರ್ಸ್ ಮಳೆಗಾಲದಲ್ಲಿ ಕೆರೆಯ ಕೆಲಸವನ್ನೂ ಮಾಡಲಿ, ಸುತ್ತಲಿನ ಬಡಾವಣೆಗಳ ನೀರನ್ನು ಒಳಗೆ ಬಿಟ್ಟುಕೊಂಡು ತಡೆದು ನಿಲ್ಲಿಸಲಿ. ಸರ್ಕಾರಿ ಜಮೀನಿನಲ್ಲಿರುವ ಯಾವ ಕ್ಲಬ್ಬಿನ ಗುತ್ತಿಗೆಯೂ ಈ ಷರತ್ತುಗಳಿಲ್ಲದೆ ನವೀಕರಣವಾಗಕೂಡದು.

ಮುಂದಿನ ಏಪ್ರಿಲ್‌ನಲ್ಲಿ ಚಲ್ಲಘಟ್ಟದ ಕಡೆ ಹೋದಾಗ ಬೇಲಿಯಾಚೆ ಕಣ್ಣು ಹಾಯಿಸಿ. ಹುಲ್ಲು ಗಿಳಿಹಸಿರಾಗಿದ್ದರೆ ಗೇಟಿನಲ್ಲಿ ನಿಂತು ಕೇಳಿ: ಯಾವ ನೀರು, ಎಷ್ಟು? ಕೋಲಾರದವರ ಪರವಾಗಿಯೂ ಒಮ್ಮೆ ಕೇಳಿ.