ನೀಟ್‌ನ ಒಂದು ಪ್ರಶ್ನೆ, ಒಬ್ಬರ ಇಡೀ ಆಯುಷ್ಯ

ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ಚಲನೆಯ ಪಾಠ ಓದಿದವರಿಗೆಲ್ಲ ಸ್ಲೈಡಿಂಗ್ ಫಿಲಮೆಂಟ್ ಸಿದ್ಧಾಂತ ಗೊತ್ತು. ಸ್ನಾಯು ಕುಗ್ಗುವಾಗ ತೆಳು ತಂತುಗಳು ದಪ್ಪ ತಂತುಗಳ ಮೇಲೆ ಜಾರುತ್ತವೆ. ಎ-ಬ್ಯಾಂಡ್ ಹಾಗೇ ಉಳಿಯುತ್ತದೆ, ಐ-ಬ್ಯಾಂಡ್ ಚಿಕ್ಕದಾಗುತ್ತದೆ. ನೀಟ್‌ಗೆ ಇಷ್ಟು ಸಾಕು. ಆದರೆ ಇದನ್ನು ಯಾರು, ಹೇಗೆ ಕಂಡುಹಿಡಿದರು ಎಂದು ನಾವು ಕೇಳುವುದಿಲ್ಲ. ಕೇಳಬೇಕು ಎಂಬುದು ನನ್ನ ವಾದ.

ಹ್ಯೂ ಹಕ್ಸ್‌ಲಿ 1924ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದರು. ಕೇಂಬ್ರಿಡ್ಜ್‌ನಲ್ಲಿ ಅವರು ಓದಿದ್ದು ಭೌತಶಾಸ್ತ್ರ. ಎರಡನೇ ಮಹಾಯುದ್ಧದ ನಡುವೆ ಓದು ನಿಲ್ಲಿಸಿ ವಾಯುಪಡೆಯಲ್ಲಿ ರೇಡಾರ್ ಕೆಲಸ ಮಾಡಿದರು. ಯುದ್ಧ ಮುಗಿದ ಮೇಲೆ ಪದವಿ ಪೂರೈಸಿ, ಕ್ಷ-ಕಿರಣಗಳ ಮೂಲಕ ಸ್ನಾಯುವಿನ ಒಳರಚನೆ ತಿಳಿಯಲು ಹೊರಟರು. ಪಿಎಚ್‌ಡಿ ನಂತರ ಅಮೆರಿಕದ ಎಂಐಟಿಗೆ ಹೋದಾಗ ಅಲ್ಲಿ ಜೀನ್ ಹ್ಯಾನ್ಸನ್ ಸಿಕ್ಕರು. ಆಕೆ ಲಂಡನ್ನಿನಿಂದ ಬಂದಿದ್ದ ಪ್ರಾಣಿಶಾಸ್ತ್ರಜ್ಞೆ. ಸ್ನಾಯುವಿನ ಪ್ರೋಟೀನ್‌ಗಳು ಮಡಚಿಕೊಂಡು ಗಿಡ್ಡವಾಗುತ್ತವೆ ಎಂದು ಆಗ ಹಲವರು ನಂಬಿದ್ದರು. ತಂತುಗಳ ಉದ್ದ ಬದಲಾಗುವುದಿಲ್ಲ, ಅವು ಜಾರುತ್ತವೆ ಎಂದು ಇವರಿಬ್ಬರು 1954ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಅದೇ ಸಂಚಿಕೆಯಲ್ಲಿ ಆಂಡ್ರ್ಯೂ ಹಕ್ಸ್‌ಲಿ ಮತ್ತು ನೀಡರ್‌ಗರ್ಕೆ ಬೇರೆ ದಾರಿಯಿಂದ ಅದೇ ಉತ್ತರಕ್ಕೆ ಬಂದಿದ್ದರು. ಹೆಸರು ಒಂದೇ ಆದರೂ ಇಬ್ಬರು ಹಕ್ಸ್‌ಲಿಗಳು ಸಂಬಂಧಿಕರಲ್ಲ.

ಎಲ್ಲರೂ ತಕ್ಷಣ ಒಪ್ಪಲಿಲ್ಲ. 1957ರಲ್ಲಿ ಹ್ಯೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಎರಡೂ ಬಗೆಯ ತಂತುಗಳನ್ನೂ ಅವುಗಳ ನಡುವಿನ ಸೇತುವೆಗಳನ್ನೂ ತೋರಿಸಿದರು. ಆ ಸೇತುವೆಗಳು ತಂತುವನ್ನು ಹೇಗೆ ಎಳೆಯುತ್ತವೆ ಎಂಬ ವಿವರಣೆಯನ್ನು 1969ರಲ್ಲಿ ಮುಂದಿಟ್ಟರು. ಮುಂದೆ ಸಿಂಕ್ರೊಟ್ರಾನ್‌ನ ಪ್ರಬಲ ಕ್ಷ-ಕಿರಣ ಬಳಸಿ, ಸ್ನಾಯು ಕುಗ್ಗುವಾಗ ಕೆಲವೇ ಮಿಲಿಸೆಕೆಂಡುಗಳಲ್ಲಿ ಆಗುವ ಬದಲಾವಣೆಯನ್ನು ಅಳೆದರು. 2013ರಲ್ಲಿ ತೀರಿಕೊಳ್ಳುವವರೆಗಿನ ಬಹುಪಾಲು ಬದುಕು ಈ ಒಂದೇ ಪ್ರಶ್ನೆಗೆ ಹೋಯಿತು. ನೊಬೆಲ್ ಬರಲಿಲ್ಲ. 1997ರಲ್ಲಿ ರಾಯಲ್ ಸೊಸೈಟಿಯ ಕೋಪ್ಲಿ ಪದಕ ಬಂತು.

ಇದರಿಂದ ನಮಗೇನು? ಜೀವಶಾಸ್ತ್ರ ಅಂದರೆ ಎಂಬಿಬಿಎಸ್, ಭೌತಶಾಸ್ತ್ರ ಅಂದರೆ ಎಂಜಿನಿಯರಿಂಗ್ ಎಂದು ನಾವು ಗೋಡೆ ಕಟ್ಟಿಕೊಂಡಿದ್ದೇವೆ. ನೀಟ್ ಬರೆಯುವವರಲ್ಲಿ ಹೆಚ್ಚಿನವರಿಗೆ ಸರ್ಕಾರಿ ಸೀಟು ಸಿಗುವುದಿಲ್ಲ. ಎರಡನೇ ಸಲ ಬರೆಯಲು ಮನೆಯಲ್ಲಿ ಅನುಕೂಲ ಇಲ್ಲದವರು, ಅದರಲ್ಲೂ ಹುಡುಗಿಯರು, ಫಲಿತಾಂಶದ ದಿನವೇ ಜೀವಶಾಸ್ತ್ರದ ಪುಸ್ತಕ ಮುಚ್ಚಿಬಿಡುತ್ತಾರೆ. ನಷ್ಟ ಅವರೊಬ್ಬರದ್ದಲ್ಲ.

ಮನೆಯ ಜವಾಬ್ದಾರಿ ಇರುವವರಿಗೆ ಸಂಶೋಧನೆ ಅನ್ನ ಕೊಡುತ್ತದೆಯೇ ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ದಾರಿ ಉದ್ದ ಎಂಬುದು ನಿಜ. ಆದರೆ ಪಿಎಚ್‌ಡಿ ಮಾಡುವವರಿಗೆ ಫೆಲೋಶಿಪ್ ಇದೆ, ಐಸರ್‌ಗಳಿಗೆ ನೀಟ್ ಅಲ್ಲದೆ ಬೇರೆಯೇ ಪ್ರವೇಶ ಪರೀಕ್ಷೆ ಇದೆ, ನಮ್ಮ ಬೆಂಗಳೂರಿನಲ್ಲೇ ಎನ್‌ಸಿಬಿಎಸ್ ಇದೆ. ಹಣ್ಣಿನ ನೊಣದ ಹಾರಾಟದ ಸ್ನಾಯು ಹೇಗೆ ಬೆಳೆಯುತ್ತದೆ ಎಂಬ ಸಂಶೋಧನೆ ಅಲ್ಲಿ ನಡೆದಿದೆ. ಈ ದಾರಿಗಳ ಹೆಸರೇ ಕೇಳದವರು ಆಯ್ಕೆ ಮಾಡುವುದು ಹೇಗೆ?

ನೀಟ್ ಬಿಡಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಉಪನ್ಯಾಸಕರಲ್ಲಿ ಎರಡು ವಿನಂತಿ. ತಿಂಗಳಿಗೆ ಒಂದು ಪೀರಿಯಡ್ ಅಂಕಗಳ ಮಾತಿಲ್ಲದೆ ಪ್ರಯೋಗಾಲಯದಲ್ಲಿ ಕಳೆಯಲು ಬಿಡಿ. ವೃತ್ತಿ ಮಾರ್ಗದರ್ಶನದ ದಿನ ವೈದ್ಯರು, ಎಂಜಿನಿಯರರ ಜೊತೆ ಒಬ್ಬ ಸಂಶೋಧಕರನ್ನೂ ಕರೆಯಿರಿ. ಸಹಪಾಠಿಗಳೇ, ನಿಮ್ಮಲ್ಲಿ ಒಂದೇ ವಿನಂತಿ: ಉತ್ತರ ಬಾಯಿಪಾಠ ಮಾಡುವ ಮುನ್ನ 'ಇದು ಹೇಗೆ ಗೊತ್ತಾಯಿತು ಸರ್?' ಎಂದು ಒಮ್ಮೆ ಕೈ ಎತ್ತಿ ಕೇಳಿ.