ಕಚ್ಚಾ ತೈಲದ ಏರಿಳಿತ ಮತ್ತು ಮಲೆನಾಡಿನ ತೋಟದ ಖರ್ಚು

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಅಡಿಕೆ ಬೆಳೆಗಾರರು ಇಂದು ಎರಡು ಬದಿಯ ಒತ್ತಡದಲ್ಲಿದ್ದಾರೆ. ದಶಕಗಳಿಂದ ಬೇರೂರಿರುವ ಹಳದಿ ಎಲೆ ರೋಗ ಹಾಗೂ ಈಚಿನ ವರ್ಷಗಳಲ್ಲಿ ಹರಡಿರುವ ಎಲೆಚುಕ್ಕಿ ರೋಗದಿಂದ ಇಳುವರಿ ಕುಗ್ಗುತ್ತಿದೆ. ಇನ್ನೊಂದೆಡೆ ಗೊಬ್ಬರ, ಇಂಧನ, ಸಿಂಪರಣೆ ಮತ್ತು ಸಾಗಣೆಯ ವೆಚ್ಚ ಏರುತ್ತಿದೆ. ಈ ವೆಚ್ಚದ ಗಣನೀಯ ಪಾಲು ದೂರದ ಸಮುದ್ರ ಮತ್ತು ಮರುಭೂಮಿಗಳ ಅಡಿಯಿಂದ ಬರುವ ಕಚ್ಚಾ ತೈಲದೊಂದಿಗೆ ಹೆಣೆದುಕೊಂಡಿದೆ. ತೈಲವು ಎಲ್ಲಿ ದೊರೆಯುತ್ತದೆ, ಹೇಗೆ ಹೊರಬರುತ್ತದೆ, ಯಾವ ದಾರಿಯಲ್ಲಿ ನಮ್ಮ ತೋಟವನ್ನು ತಲುಪುತ್ತದೆ ಎಂಬುದನ್ನು ಅರಿತರೆ, ಖರ್ಚಿನ ಯಾವ ಭಾಗವು ನಮ್ಮ ಹಿಡಿತದಲ್ಲಿದೆ ಎಂಬುದೂ ಸ್ಪಷ್ಟವಾಗುತ್ತದೆ.

ತೈಲ ಎಲ್ಲಿ ದೊರೆಯುತ್ತದೆ?

ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರ ಹಾಗೂ ಸರೋವರಗಳ ತಳದಲ್ಲಿ ಸೂಕ್ಷ್ಮಜೀವಿ ಮತ್ತು ಪಾಚಿಗಳ ಅವಶೇಷಗಳು ಕೆಸರಿನೊಂದಿಗೆ ಪದರಪದರವಾಗಿ ಹೂತುಹೋದವು. ಸಾಮಾನ್ಯವಾಗಿ 2ರಿಂದ 4 ಕಿಲೋಮೀಟರ್ ಆಳದಲ್ಲಿ, ಒತ್ತಡ ಹಾಗೂ ಶಾಖದಿಂದ ಅವು ತೈಲವಾಗಿ ಪರಿವರ್ತನೆಗೊಂಡವು. ಹೀಗೆ ಉಂಟಾದ ತೈಲ ಮೇಲೇರಿ, ರಂಧ್ರಯುಕ್ತ ಮರಳುಗಲ್ಲು ಅಥವಾ ಸುಣ್ಣಕಲ್ಲಿನಲ್ಲಿ ಸೇರಿಕೊಂಡು, ಅದರ ಮೇಲಿನ ಬಿಗಿಯಾದ ಶಿಲಾಪದರದಿಂದ ತಡೆಯಲ್ಪಟ್ಟಾಗ ಮಾತ್ರ ನಿಕ್ಷೇಪವಾಗಿ ಉಳಿಯುತ್ತದೆ. ನೆಲದಡಿಯ ಕೆರೆಯಂತೆ ಅದು ನಿಂತಿರುವುದಿಲ್ಲ. ಒದ್ದೆ ಮರಳಿನಲ್ಲಿ ನೀರು ಇರುವಂತೆ ಕಲ್ಲಿನ ಸಣ್ಣ ರಂಧ್ರಗಳಲ್ಲಿ ಅಡಗಿರುತ್ತದೆ.

ಮಲೆನಾಡಿನ ನೆಲದಲ್ಲಿ ಇಂತಹ ಪದರಗಲ್ಲುಗಳಿಲ್ಲ. ನಮ್ಮ ಗುಡ್ಡಗಳ ಕಲ್ಲು 250 ಕೋಟಿ ವರ್ಷಗಳಿಗೂ ಹಳೆಯದು. ಹಲವು ಬಾರಿ ಕಾದು, ಮಡಿಸಿ, ಗಟ್ಟಿಯಾದುದು. ಆದ್ದರಿಂದಲೇ ನೆರೆಯ ಕುದುರೆಮುಖದಲ್ಲಿ ಕಬ್ಬಿಣದ ಅದಿರು ದೊರೆಯಿತೇ ಹೊರತು ತೈಲ ದೊರೆಯಲಿಲ್ಲ. ಭಾರತದ ತೈಲದ ಕಥೆ ಅಸ್ಸಾಮಿನ ದಿಗ್ಬೋಯಿಯಲ್ಲಿ 1889ರಲ್ಲಿ ಆರಂಭವಾಯಿತು. 1974ರಲ್ಲಿ ಮುಂಬಯಿಯ ಪಶ್ಚಿಮಕ್ಕೆ ಸಮುದ್ರದಲ್ಲಿ ಬಾಂಬೆ ಹೈ ನಿಕ್ಷೇಪ, 2004ರಲ್ಲಿ ರಾಜಸ್ಥಾನದ ಬಾರ್ಮೇರಿನಲ್ಲಿ ಮಂಗಲಾ ನಿಕ್ಷೇಪ ಪತ್ತೆಯಾದವು. ಆದರೂ ದೇಶವು ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ. 85ಕ್ಕೂ ಹೆಚ್ಚು ಪಾಲನ್ನು ಆಮದು ಮಾಡಿಕೊಳ್ಳುತ್ತಿದೆ.

ಹೊರತೆಗೆಯುವಿಕೆ ಮತ್ತು ಸಂಸ್ಕರಣೆ

ತೈಲ ಅನ್ವೇಷಣೆಯಲ್ಲಿ ನೆಲದೊಳಕ್ಕೆ ಕಂಪನದ ಅಲೆಗಳನ್ನು ಕಳುಹಿಸಿ, ವಿವಿಧ ಶಿಲಾಪದರಗಳಿಂದ ಅವು ಹಿಂದಿರುಗುವ ಸಮಯವನ್ನು ಅಳೆದು ಒಳಗಿನ ರಚನೆಯ ನಕ್ಷೆ ತಯಾರಿಸುತ್ತಾರೆ. ಖಚಿತ ಉತ್ತರ ದೊರೆಯುವುದು ಬಾವಿ ಕೊರೆದ ಮೇಲೆಯೇ. ಕೊಳವೆಬಾವಿ ಕೊರೆಸಿದ ರೈತರಿಗೆ ಈ ಅನಿಶ್ಚಿತತೆಯನ್ನು ವಿವರಿಸಬೇಕಾಗಿಲ್ಲ. ತೈಲ ದೊರೆತರೂ ಆರಂಭದಲ್ಲಿ ಮಾತ್ರ ಅದು ಸ್ವಂತ ಒತ್ತಡದಿಂದ ಮೇಲೆ ಬರುತ್ತದೆ. ನಂತರ ನೀರು ಅಥವಾ ಅನಿಲವನ್ನು ಒಳಕ್ಕೆ ತಳ್ಳಿ ತೈಲವನ್ನು ಬಾವಿಯತ್ತ ಸರಿಸಬೇಕಾಗುತ್ತದೆ. ಇಷ್ಟಾದರೂ ನಿಕ್ಷೇಪವೊಂದರಿಂದ ಹೊರಬರುವುದು ಸರಾಸರಿ ಮೂರನೇ ಒಂದು ಭಾಗದಷ್ಟು ಮಾತ್ರ.

ಜಗತ್ತು ದಿನವೊಂದಕ್ಕೆ ಸುಮಾರು 10 ಕೋಟಿ ಬ್ಯಾರೆಲ್ ತೈಲ ಬಳಸುತ್ತದೆ. ಒಂದು ಬ್ಯಾರೆಲ್ ಎಂದರೆ 159 ಲೀಟರ್. ಅಮೆರಿಕ, ಸೌದಿ ಅರೇಬಿಯ ಮತ್ತು ರಷ್ಯಾ ಅತಿ ದೊಡ್ಡ ಉತ್ಪಾದಕರು. ಕಚ್ಚಾ ತೈಲವನ್ನು ಹಾಗೆಯೇ ಬಳಸಲಾಗದು. ಸಂಸ್ಕರಣಾಗಾರದಲ್ಲಿ ಅದನ್ನು ಕಾಯಿಸಿ, ಕುದಿಯುವ ಉಷ್ಣತೆಯ ಭೇದದಿಂದ ಅಡುಗೆ ಅನಿಲ, ನಾಫ್ತಾ, ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಮತ್ತು ರಸ್ತೆಯ ಡಾಂಬರು ಎಂದು ಬೇರ್ಪಡಿಸುತ್ತಾರೆ. ನಮಗೆ ಹತ್ತಿರದ ಇಂತಹ ಕೇಂದ್ರ ಮಂಗಳೂರಿನ ಎಂ.ಆರ್.ಪಿ.ಎಲ್. 1988ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ವಾರ್ಷಿಕ ಸಂಸ್ಕರಣಾ ಸಾಮರ್ಥ್ಯ ಈಗ 150 ಲಕ್ಷ ಟನ್.

ತೈಲ ಹುಟ್ಟದ ನಮ್ಮ ಗಟ್ಟಿ ಬಂಡೆ ಇಂದು ತೈಲವನ್ನು ಕಾಯುವ ಕೆಲಸ ಮಾಡುತ್ತಿದೆ. ತುರ್ತು ಸಂದರ್ಭಕ್ಕೆಂದು ಮಂಗಳೂರಿನಲ್ಲಿ 15 ಲಕ್ಷ ಟನ್ ಹಾಗೂ ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಯುವ ಸುರಂಗಗಳನ್ನು ಬಂಡೆಯೊಳಗೆ ಕೊರೆಯಲಾಗಿದೆ. ವಿಶಾಖಪಟ್ಟಣದ 13.3 ಲಕ್ಷ ಟನ್ ಸಾಮರ್ಥ್ಯವೂ ಸೇರಿದರೆ ದೇಶದ ಸುಮಾರು ಒಂಬತ್ತೂವರೆ ದಿನಗಳ ಅಗತ್ಯಕ್ಕೆ ಸಮ. 2020ರ ಏಪ್ರಿಲ್–ಮೇ ತಿಂಗಳಲ್ಲಿ ಜಗತ್ತಿನ ಬೆಲೆ ಕುಸಿದಾಗ ಈ ಸುರಂಗಗಳನ್ನು ತುಂಬಿಕೊಳ್ಳಲಾಯಿತು. ಅಗ್ಗವಿದ್ದಾಗ ಕೊಂಡು, ಕೆಡದಂತೆ ಇಡುವ ಈ ತತ್ತ್ವ ರೈತರ ಗೋದಾಮಿಗೂ ಅನ್ವಯಿಸುತ್ತದೆ; ಅದನ್ನು ಮುಂದೆ ವಿವರಿಸಲಾಗಿದೆ.

ಬಂಕಿನ ದರ ಮತ್ತು ಜಗತ್ತಿನ ದರ

ರಷ್ಯಾ–ಉಕ್ರೇನ್ ಯುದ್ಧ ಆರಂಭವಾದಾಗ, 2022ರ ಮಾರ್ಚಿನಲ್ಲಿ, ಕಚ್ಚಾ ತೈಲ ಬ್ಯಾರೆಲಿಗೆ 130 ಡಾಲರ್ ದಾಟಿತ್ತು. ಅನಂತರ ಭಾರತವು ರಿಯಾಯಿತಿ ದರದ ರಷ್ಯಾ ತೈಲವನ್ನು ದೊಡ್ಡ ಪ್ರಮಾಣದಲ್ಲಿ ಕೊಂಡಿತು. ಯುದ್ಧಕ್ಕೆ ಮೊದಲು ನಮ್ಮ ಆಮದಿನಲ್ಲಿ ಅತ್ಯಲ್ಪವಾಗಿದ್ದ ರಷ್ಯಾದ ಪಾಲು ಎರಡೇ ವರ್ಷಗಳಲ್ಲಿ ಮೂರನೇ ಒಂದು ಭಾಗವನ್ನು ಮೀರಿತು. 2025ರ ಜೂನ್‌ನಲ್ಲಿ ಇಸ್ರೇಲ್ ಮತ್ತು ಇರಾನ್ ನಡುವೆ 12 ದಿನಗಳ ಸಂಘರ್ಷ ನಡೆದಾಗ, ಜಗತ್ತಿನ ತೈಲ ಬಳಕೆಯ ಐದನೇ ಒಂದು ಭಾಗದಷ್ಟು ಹಾದುಹೋಗುವ ಹೊರ್ಮುಜ್ ಜಲಸಂಧಿಯ ಬಗ್ಗೆ ಆತಂಕ ಮೂಡಿ ಬೆಲೆ ಜಿಗಿದು, ಕದನ ನಿಂತೊಡನೆ ಇಳಿಯಿತು.

ಆದರೆ ಬಂಕಿನ ದರ ಈ ಏರಿಳಿತವನ್ನು ದಿನದಿನವೂ ಹಿಂಬಾಲಿಸುವುದಿಲ್ಲ. ಡಾಲರಿನ ವಿನಿಮಯ ದರ, ಸಂಸ್ಕರಣಾ ವೆಚ್ಚ, ಕೇಂದ್ರದ ಅಬಕಾರಿ ಸುಂಕ ಮತ್ತು ರಾಜ್ಯದ ಮಾರಾಟ ತೆರಿಗೆ ಅದರಲ್ಲಿ ಸೇರಿವೆ. 2022ರ ಮೇ ತಿಂಗಳಲ್ಲಿ ಕೇಂದ್ರವು ಸುಂಕ ಇಳಿಸಿತು. 2024ರ ಜೂನ್‌ನಲ್ಲಿ ರಾಜ್ಯವು ಮಾರಾಟ ತೆರಿಗೆ ಏರಿಸಿದಾಗ ಪೆಟ್ರೋಲ್ ಹಾಗೂ ಡೀಸೆಲ್ ಲೀಟರಿಗೆ ಸುಮಾರು 3 ರೂಪಾಯಿ ಹೆಚ್ಚಿತು. 2025ರ ಏಪ್ರಿಲ್‌ನಲ್ಲಿ ಡೀಸೆಲ್ ಮತ್ತೆ 2 ರೂಪಾಯಿಯಷ್ಟು ಏರಿತು. ಆದ್ದರಿಂದ ಜಗತ್ತಿನಲ್ಲಿ ತೈಲ ಅಗ್ಗವಾದರೆ ತೋಟದ ಖರ್ಚು ತಾನಾಗಿ ಇಳಿಯುತ್ತದೆಂದು ಲೆಕ್ಕ ಹಾಕುವುದು ಸರಿಯಲ್ಲ.

ತೋಟಕ್ಕೆ ಬರುವ ಕಾಣದ ದಾರಿಗಳು

ತೈಲ ಎಂದೊಡನೆ ನೆನಪಾಗುವುದು ಟಿಲ್ಲರ್, ಸಿಂಪರಣಾ ಯಂತ್ರ ಮತ್ತು ಕಳೆ ಕೊಚ್ಚುವ ಯಂತ್ರಗಳ ಇಂಧನ. ಆದರೆ ಕಣ್ಣಿಗೆ ಕಾಣದ ಇನ್ನೂ ಮೂರು ದಾರಿಗಳಿವೆ.

ಮೊದಲನೆಯದು ಸಾರಜನಕ. ಯೂರಿಯಾ ತಯಾರಿಕೆಗೆ ಬೇಕಾದ ಜಲಜನಕ ದೊರೆಯುವುದು ನಾಫ್ತಾ ಅಥವಾ ನೈಸರ್ಗಿಕ ಅನಿಲದಿಂದ. ಪಣಂಬೂರಿನ ಗೊಬ್ಬರ ಕಾರ್ಖಾನೆ ದಶಕಗಳ ಕಾಲ ನಾಫ್ತಾ ಬಳಸಿ, ಕೊಚ್ಚಿ–ಮಂಗಳೂರು ಅನಿಲ ಕೊಳವೆ ಮಾರ್ಗ ಬಂದ ಮೇಲೆ ಅನಿಲಕ್ಕೆ ಬದಲಾಯಿತು. ಈ ಮಾರ್ಗ 2021ರ ಜನವರಿ 5ರಂದು ಉದ್ಘಾಟನೆಯಾಯಿತು. ದ್ರವೀಕೃತ ಅನಿಲವನ್ನು ನಮಗೆ ಅತಿ ಹೆಚ್ಚು ಪೂರೈಸುವ ದೇಶ ಕತಾರ್. ಅಲ್ಲಿಂದ ಹೊರಡುವ ಹಡಗುಗಳೂ ಹೊರ್ಮುಜ್ ದಾಟಿಯೇ ಬರಬೇಕು. 45 ಕಿಲೋ ಯೂರಿಯಾ ಚೀಲ 266.50 ರೂಪಾಯಿಗೆ ಸಿಗುತ್ತಿರುವುದು ಸಹಾಯಧನದಿಂದ. 2022–23ರಲ್ಲಿ ದೇಶದ ರಸಗೊಬ್ಬರ ಸಹಾಯಧನ ಎರಡೂವರೆ ಲಕ್ಷ ಕೋಟಿ ರೂಪಾಯಿ ದಾಟಿತ್ತು.

ಎರಡನೆಯದು ಗಂಧಕ. ಇಂಧನವನ್ನು ಶುದ್ಧಗೊಳಿಸುವಾಗ ಸಂಸ್ಕರಣಾಗಾರಗಳು ಗಂಧಕವನ್ನು ಬೇರ್ಪಡಿಸುತ್ತವೆ. ಅದರಿಂದ ಗಂಧಕಾಮ್ಲ, ಗಂಧಕಾಮ್ಲದಿಂದ ರಂಜಕಾಮ್ಲ, ಅದರಿಂದ ಡಿ.ಎ.ಪಿ. ಹಾಗೂ ಸಂಯುಕ್ತ ಗೊಬ್ಬರ ತಯಾರಾಗುತ್ತವೆ. ಕೊಳೆರೋಗಕ್ಕೆ ನಾವು ಸಿಂಪಡಿಸುವ ಬೋರ್ಡೋ ದ್ರಾವಣದ ಮೈಲುತುತ್ತಕ್ಕೂ ಗಂಧಕಾಮ್ಲ ಬೇಕು.

ಮೂರನೆಯದು ಪ್ಲಾಸ್ಟಿಕ್. ಗೊಬ್ಬರದ ಚೀಲ, ಹನಿ ನೀರಾವರಿಯ ಕೊಳವೆ, ಒಣಗಿಸಲು ಹಾಸುವ ಟಾರ್ಪಾಲು, ಅಡಿಕೆ ಗೊನೆಗೆ ಕಟ್ಟುವ ಪಾಲಿಥೀನ್ ಕೊಟ್ಟೆ ಇವೆಲ್ಲ ತೈಲ ಅಥವಾ ಅನಿಲದಿಂದ ಬಂದವು. ಹಿಂದೆ ಹಾಳೆಯಿಂದ ಮಾಡುತ್ತಿದ್ದ ಕೊಟ್ಟೆಯ ಜಾಗವನ್ನೂ ತೈಲವೇ ಆಕ್ರಮಿಸಿದೆ.

ಪೊಟ್ಯಾಷ್ ತೈಲದಿಂದ ಬರುವುದಲ್ಲ, ಗಣಿಯಿಂದ ಬರುತ್ತದೆ. ಆದರೆ ಅದರ ಪ್ರಮುಖ ಪೂರೈಕೆದಾರರಲ್ಲಿ ರಷ್ಯಾ ಮತ್ತು ಬೆಲಾರೂಸ್ ಸೇರಿರುವುದರಿಂದ, ತೈಲವನ್ನು ಕಾಡಿದ ಯುದ್ಧವೇ ಅದನ್ನೂ ಕಾಡಿತು. 2022ರಲ್ಲಿ 50 ಕಿಲೋ ಚೀಲದ ದರ 1,700 ರೂಪಾಯಿ ಮುಟ್ಟಿತ್ತು.

ಯಾವ ದಾರಿ ದೊಡ್ಡದು? ಎಕರೆಗೆ ವರ್ಷಕ್ಕೆ 20 ಲೀಟರ್ ಇಂಧನ ಬಳಸುವ ತೋಟವೊಂದಿದೆ ಎಂದಿಟ್ಟುಕೊಳ್ಳೋಣ. ಲೀಟರಿಗೆ 3 ರೂಪಾಯಿ ಏರಿದರೆ ಹೆಚ್ಚುವರಿ ಖರ್ಚು 60 ರೂಪಾಯಿ. ಎಕರೆಗೆ 550 ಮರಗಳಿಗೆ ಶಿಫಾರಸಿನಂತೆ ಸುಮಾರು 128 ಕಿಲೋ, ಅಂದರೆ ಎರಡೂವರೆ ಚೀಲ ಪೊಟ್ಯಾಷ್ ಬೇಕು. ಚೀಲಕ್ಕೆ 100 ರೂಪಾಯಿ ಏರಿದರೆ ಹೆಚ್ಚುವರಿ ಖರ್ಚು 250 ರೂಪಾಯಿ. ಬಂಕಿನ ದರ ಸುದ್ದಿಯಾಗುತ್ತದೆ; ಗೊಬ್ಬರದ ದರ ಸದ್ದಿಲ್ಲದೆ ಹೆಚ್ಚು ಕಸಿಯುತ್ತದೆ. ಉಳಿತಾಯದ ಅವಕಾಶವೂ ಅಲ್ಲಿಯೇ ಹೆಚ್ಚು.

ಎಥನಾಲ್ ಮಿಶ್ರಿತ ಪೆಟ್ರೋಲ್: ಮಳೆನಾಡಿಗೆ ವಿಶೇಷ ಎಚ್ಚರಿಕೆ

ತೈಲ ಆಮದು ತಗ್ಗಿಸಲು ಪೆಟ್ರೋಲಿಗೆ ಶೇ. 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ದೇಶವು 2025ರಲ್ಲಿ ತಲುಪಿತು. ಕಬ್ಬು ಮತ್ತು ಮೆಕ್ಕೆಜೋಳ ಬೆಳೆಗಾರರಿಗೆ ಇದರಿಂದ ಹೊಸ ಮಾರುಕಟ್ಟೆ ದೊರೆತಿದೆ. ಆದರೆ ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಮಳೆಗಾಲದಲ್ಲಿ ಅರ್ಧ ತುಂಬಿದ ಕ್ಯಾನಿನಲ್ಲಿ ಪೆಟ್ರೋಲ್ ಬಹುದಿನ ಉಳಿದರೆ, ಅಥವಾ ಅದಕ್ಕೆ ನೀರು ಸೇರಿದರೆ, ನೀರು ಮತ್ತು ಎಥನಾಲ್ ಬೇರ್ಪಟ್ಟು ತಳದಲ್ಲಿ ಪದರವಾಗಿ ನಿಲ್ಲುತ್ತವೆ. ಯಂತ್ರ ಮೊದಲು ಎಳೆದುಕೊಳ್ಳುವುದು ಆ ತಳದ ಪದರವನ್ನೇ. ಎರಡು ಸ್ಟ್ರೋಕಿನ ಯಂತ್ರಗಳಲ್ಲಿ ಇಂಜಿನ್ನಿಗೆ ಜಾರುತನ ಒದಗಿಸುವ ಎಣ್ಣೆ ಪೆಟ್ರೋಲಿನಲ್ಲಿಯೇ ಬೆರೆತಿರುವುದರಿಂದ, ತಳದ ಪದರ ಒಳಹೋದರೆ ಇಂಜಿನ್ ಹಾಳಾಗುವ ಸಂಭವವಿದೆ. ಹಳೆಯ ಯಂತ್ರಗಳ ರಬ್ಬರ್ ಭಾಗಗಳೂ ಬೇಗ ಸವೆಯಬಹುದು. ಎಲೆಚುಕ್ಕಿ ಹಾಗೂ ಕೊಳೆರೋಗದ ಸಿಂಪರಣೆಗೆ ಬಿಸಿಲಿನ ಬಿಡುವು ಎರಡೇ ದಿನ ಸಿಕ್ಕಾಗ ಯಂತ್ರ ಕೈಕೊಟ್ಟರೆ, ನಷ್ಟವಾಗುವುದು ದುರಸ್ತಿಯ ಹಣವಷ್ಟೇ ಅಲ್ಲ, ಫಸಲು.

ಶಿಫಾರಸುಗಳು

1. ಮಣ್ಣು ಪರೀಕ್ಷೆ ಮಾಡಿಸಿ ಗೊಬ್ಬರ ನೀಡಿರಿ. ಫಲ ಕೊಡುವ ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಸಾಮಾನ್ಯ ಶಿಫಾರಸು. ಇದು ಸುಮಾರು 217 ಗ್ರಾಂ ಯೂರಿಯಾ, 200 ಗ್ರಾಂ ಶಿಲಾರಂಜಕ ಮತ್ತು 233 ಗ್ರಾಂ ಮ್ಯೂರೇಟ್ ಆಫ್ ಪೊಟ್ಯಾಷ್‌ಗೆ ಸಮ. ಮುಂಗಾರಿಗೆ ಮೊದಲು ಮತ್ತು ಮಳೆ ತಗ್ಗಿದ ಮೇಲೆ, ಎರಡು ಕಂತುಗಳಲ್ಲಿ ನೀಡಿರಿ. ಜಡಿಮಳೆಯಲ್ಲಿ ಹಾಕಿದ ಯೂರಿಯಾ ಹಳ್ಳ ಸೇರುತ್ತದೆ.

2. ನಮ್ಮ ಹುಳಿಮಣ್ಣಿಗೆ ಶಿಲಾರಂಜಕ ಸೂಕ್ತ. ಮಣ್ಣಿನ ಹುಳಿಯೇ ಅದನ್ನು ಕ್ರಮೇಣ ಕರಗಿಸುತ್ತದೆ. ಕಾರ್ಖಾನೆಯಲ್ಲಿ ಗಂಧಕಾಮ್ಲ ಮಾಡುವ ಕೆಲಸವನ್ನು ಇಲ್ಲಿ ಮಣ್ಣೇ ಮಾಡುವುದರಿಂದ ಡಿ.ಎ.ಪಿ. ಅವಲಂಬನೆ ತಗ್ಗುತ್ತದೆ. ಸುಣ್ಣ ಮತ್ತು ಶಿಲಾರಂಜಕವನ್ನು ಒಟ್ಟಿಗೆ ಹಾಕಬೇಡಿರಿ.

3. ಮರಕ್ಕೆ 12 ಕಿಲೋ ಹಸಿರೆಲೆ ಮತ್ತು 12 ಕಿಲೋ ಕೊಟ್ಟಿಗೆ ಗೊಬ್ಬರ ನೀಡುವುದು ಶಿಫಾರಸಿನ ಭಾಗವೇ ಆಗಿದೆ. ಹೆಕ್ಟೇರಿಗೆ ವರ್ಷಕ್ಕೆ 5ರಿಂದ 6 ಟನ್ ದೊರೆಯುವ ಸೋಗೆ, ಹಾಳೆ ಮುಂತಾದ ತೋಟದ ತ್ಯಾಜ್ಯವನ್ನು ಎರೆಗೊಬ್ಬರವಾಗಿಸಿರಿ. ಬೇಲಿಯಲ್ಲಿ ಗ್ಲಿರಿಸಿಡಿಯ ಬೆಳೆಸಿದರೆ ಸೊಪ್ಪಿನಬೆಟ್ಟದ ಮೇಲಿನ ಒತ್ತಡವೂ ಇಳಿಯುತ್ತದೆ.

4. ಹಳದಿ ಎಲೆ ರೋಗಕ್ಕೆ ಕಾರಣ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಾಣು. ಗೊಬ್ಬರ ಇಮ್ಮಡಿಗೊಳಿಸಿದರೆ ರೋಗ ಗುಣವಾಗದು, ಖರ್ಚು ಮಾತ್ರ ಇಮ್ಮಡಿಯಾಗುತ್ತದೆ. ಸಮತೋಲಿತ ಪೋಷಣೆಯಿಂದ ಮರದ ಚೈತನ್ಯ ಉಳಿಸಿಕೊಳ್ಳುವುದಷ್ಟೇ ಸಾಧ್ಯ.

5. ಶಿಲಾರಂಜಕ, ಪೊಟ್ಯಾಷ್ ಮತ್ತು ಮೈಲುತುತ್ತವನ್ನು ಹಂಗಾಮಿಗೆ ಮೊದಲೇ, ಸಾಧ್ಯವಾದರೆ ಸಹಕಾರ ಸಂಘದ ಮೂಲಕ ಒಟ್ಟಾಗಿ ಖರೀದಿಸಿ, ಮರದ ಹಲಗೆಯ ಮೇಲೆ ಒಣ ಜಾಗದಲ್ಲಿಡಿರಿ. ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿಡಬಾರದು. ಯೂರಿಯಾ ತೇವ ಹೀರಿ ಗಟ್ಟಿಯಾಗುವುದರಿಂದ ಮಳೆಗಾಲಕ್ಕೆ ದಾಸ್ತಾನು ಬೇಡ. ಪೆಟ್ರೋಲನ್ನಂತೂ ಸಂಗ್ರಹಿಸಲೇಬಾರದು.

6. ಎರಡು ಸ್ಟ್ರೋಕಿನ ಯಂತ್ರಕ್ಕೆ ಆಯಾ ವಾರದ ಕೆಲಸಕ್ಕೆ ಬೇಕಾದಷ್ಟೇ ಪೆಟ್ರೋಲ್ ತಂದು, ಯಂತ್ರದ ಕೈಪಿಡಿಯ ಪ್ರಮಾಣದಲ್ಲಿ ಎಣ್ಣೆ ಬೆರೆಸಿ, ಬಿಗಿ ಮುಚ್ಚಳದ ಕ್ಯಾನಿನಲ್ಲಿಡಿರಿ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದುದು ಮುಗಿಯುವವರೆಗೆ ಯಂತ್ರ ಓಡಿಸಿ ಇಡಿರಿ.

7. ನೀರಾವರಿಗೆ ಡೀಸೆಲ್ ಪಂಪ್ ಬಳಸುವವರು ಪಿಎಂ–ಕುಸುಮ್ ಯೋಜನೆಯ ಸೌರ ಪಂಪನ್ನು ಪರಿಶೀಲಿಸಬಹುದು. ನಮ್ಮಲ್ಲಿ ನೀರು ಹಾಯಿಸಬೇಕಾದ ಡಿಸೆಂಬರ್–ಮೇ ಅವಧಿಯೇ ಬಿಸಿಲು ಚೆನ್ನಾಗಿರುವ ಕಾಲ. ಮರಗಳ ನೆರಳು ಬೀಳದ ಜಾಗ ಇದೆಯೇ ಎಂದು ಮೊದಲು ನೋಡಿಕೊಳ್ಳಿರಿ.

ವಿಸ್ತರಣಾ ಕಾರ್ಯಕರ್ತರು ಪ್ರತಿ ಗ್ರಾಮದಲ್ಲಿ ಕೆಲವು ರೈತರಿಂದಾದರೂ ಒಂದು ವರ್ಷದ ಲೆಕ್ಕ ಬರೆಸುವುದು ಒಳಿತು: ಎಕರೆಗೆ ಎಷ್ಟು ಲೀಟರ್ ಇಂಧನ, ಎಷ್ಟು ಚೀಲ ಗೊಬ್ಬರ, ಎಷ್ಟು ಸುತ್ತು ಸಿಂಪರಣೆ, ಎಷ್ಟು ಸಾಗಣೆ ವೆಚ್ಚ. ತೈಲದ ಬೆಲೆ ನಿರ್ಧಾರವಾಗುವುದು ನಮ್ಮ ಕೈ ಮೀರಿದ ಸ್ಥಳಗಳಲ್ಲಿ. ಎಕರೆಗೆ ಎಷ್ಟು ಬಳಸಬೇಕೆಂಬುದು ಮಾತ್ರ ಬೆಳೆಗಾರರ ನಿರ್ಧಾರ, ಮತ್ತು ಆ ನಿರ್ಧಾರಕ್ಕೆ ಬರೆದಿಟ್ಟ ಲೆಕ್ಕವೇ ಆಧಾರ. ಮಣ್ಣು ಪರೀಕ್ಷೆ ಹಾಗೂ ತೋಟಕ್ಕೆ ತಕ್ಕ ಗೊಬ್ಬರದ ಸಲಹೆಗಾಗಿ ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.