ಕರೆಂಟು ಬಂದ ಮೇಲೆ ತಾನೇ ಏಳುವ ಸರ್ವರ್

ಗುಬ್ಬಿ, ಕುಣಿಗಲ್‌ನಂಥ ಊರಿನ ಕಾಲೇಜಿಗೆ ಸ್ವಂತ ಸರ್ವರ್ ಏಕೆ, ಎಲ್ಲವನ್ನೂ ಕ್ಲೌಡಿಗೆ ಹಾಕಿ ನೆಮ್ಮದಿಯಾಗಿರಿ ಎಂಬ ಬುದ್ಧಿವಾದ ತುಮಕೂರಿನಲ್ಲಿ ಈಗ ಧಾರಾಳವಾಗಿ ಸಿಗುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಇಲ್ಲಿ ಸರ್ವರ್‌ಗಳು ಕೈಕೊಡುವುದಕ್ಕೂ ಊರಿನ ಗಾತ್ರಕ್ಕೂ ಸಂಬಂಧವಿಲ್ಲ. ತಂತ್ರಾಂಶವನ್ನು ಹಿನ್ನೆಲೆಯಲ್ಲಿ ಸರ್ವಿಸ್ ಆಗಿ ನಡೆಸುವ ಬದಲು, ಯಾರೋ ಒಬ್ಬರು ಲಾಗಿನ್ ಆಗಿ ತೆರೆದಿಟ್ಟ ಟರ್ಮಿನಲ್ಲಿಗೆ ಅದರ ಪ್ರಾಣವನ್ನು ಕಟ್ಟಿಹಾಕಿದ್ದೇವೆ. ರೋಗ ಇರುವುದು ಅಲ್ಲಿ.

ಸಣ್ಣ ಊರಿನಿಂದ ಆಗದು ಎನ್ನುವವರು ಕೋಹಾದ ಹುಟ್ಟನ್ನು ನೋಡಲಿ. ನಮ್ಮ ಎಷ್ಟೋ ಗ್ರಂಥಾಲಯಗಳು ಬಳಸುವ ಈ ಮುಕ್ತ ತಂತ್ರಾಂಶವನ್ನು 1999ರಲ್ಲಿ ಬರೆಸಿಕೊಂಡದ್ದು ನ್ಯೂಜಿಲೆಂಡಿನ ಹೊರೊವೆನುವಾ ಎಂಬ ಗ್ರಾಮೀಣ ಪ್ರದೇಶದ ಗ್ರಂಥಾಲಯಗಳು. ಅವರ ಹಳೆಯ ತಂತ್ರಾಂಶ 2000ನೇ ಇಸವಿಯನ್ನು ದಾಟುವಂತಿರಲಿಲ್ಲ. ಶಾಖೆಗಳನ್ನು ಬೆಸೆಯಲು ಮಾಮೂಲಿ ಟೆಲಿಫೋನ್ ತಂತಿಯೇ ಗತಿ. ಆ ತಂತಿಗೆ ಸಾಲುವಂತೆ ಬ್ರೌಸರಿನಲ್ಲೇ ನಡೆಯುವ ವ್ಯವಸ್ಥೆ ಸಿದ್ಧವಾಯಿತು, 2000ದ ಜನವರಿಯಲ್ಲಿ ಬಳಕೆಗೆ ಬಂತು. ಬಡತನವೇ ಅದರ ವಿನ್ಯಾಸವನ್ನು ತಿದ್ದಿತು. ಅಷ್ಟು ದೂರವೂ ಬೇಡ, ತುಮಕೂರಿನ ಪಕ್ಕದ ದೇವರಾಯನದುರ್ಗದ ಸುತ್ತ ಜನಸ್ತು ಸಂಸ್ಥೆ ಹಳ್ಳಿಗರೊಡನೆ ಸಮುದಾಯದ ವೈಫೈ ಮೆಶ್ ಜಾಲ ಕಟ್ಟಿದೆ.

ಸರ್ವಿಸ್ ಎಂದರೆ ಮಾಡಬೇಕಾದದ್ದು ಇಷ್ಟೇ: ಯಾವ ಪ್ರೋಗ್ರಾಂ, ಯಾವ ಬಳಕೆದಾರನ ಹೆಸರಿನಲ್ಲಿ, ಯಾವುದರ ನಂತರ ಶುರುವಾಗಬೇಕು, ಬಿದ್ದರೆ ಏನು ಮಾಡಬೇಕು ಎಂಬುದನ್ನು ಹತ್ತು ಹನ್ನೆರಡು ಸಾಲಿನ ಫೈಲಿನಲ್ಲಿ ಬರೆದು, ಲಿನಕ್ಸಿನಲ್ಲಿ ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಗೆ ಒಪ್ಪಿಸುವುದು. ಡೆಬಿಯನ್ ಪ್ಯಾಕೇಜಿನಿಂದ ಕೋಹಾ ಹಾಕಿಕೊಂಡವರಿಗೆ ಈ ಏರ್ಪಾಡು ಜೊತೆಗೇ ಬರುತ್ತದೆ. ಪ್ರತಿ ಗ್ರಂಥಾಲಯಕ್ಕೂ ಪ್ರತ್ಯೇಕ ಲಿನಕ್ಸ್ ಬಳಕೆದಾರ ಸೃಷ್ಟಿಯಾಗುತ್ತಾನೆ, ಯಂತ್ರ ಶುರುವಾದಾಗ ಎಲ್ಲವೂ ತಾವೇ ಏಳುತ್ತವೆ. ಅದೇ ಕಾಲೇಜು ಹಳೆಯ ಪ್ರಶ್ನೆಪತ್ರಿಕೆ, ಪ್ರಬಂಧಗಳಿಗೆಂದು ಡಿಸ್ಪೇಸ್ ಹಾಕಿಕೊಂಡಾಗ ಪಾಡು ಬೇರೆ. ಏಳನೆಯ ಆವೃತ್ತಿಯಿಂದ ಅದರ ಬ್ರೌಸರಿನಲ್ಲಿ ಕಾಣುವ ಪುಟಗಳ ಭಾಗ ನೋಡ್.ಜೆಎಸ್ ಪ್ರೋಗ್ರಾಂ ಆಗಿ ಬೇರೆಯೇ ಓಡಬೇಕು. ಹಾಕಿಕೊಡಲು ಬಂದವರು ತಮ್ಮ ಲ್ಯಾಪ್‌ಟಾಪಿನಲ್ಲಿ ಪುಟ್ಟಿ ಎಂಬ ಟರ್ಮಿನಲ್ ತೆರೆದು ಒಂದು ಆದೇಶ ಟೈಪಿಸುತ್ತಾರೆ, ಪರದೆಯ ಮೇಲೆ ಪುಟ ಮೂಡುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅವರು ಲ್ಯಾಪ್‌ಟಾಪ್ ಮಡಚಿ ಬೆಂಗಳೂರಿನ ಬಸ್ಸು ಹತ್ತುವಷ್ಟರಲ್ಲಿ ಪುಟ ಸತ್ತಿರುತ್ತದೆ. ಲಕ್ಷಗಟ್ಟಲೆ ಬಿಲ್ಲು ಪಾಸಾಗಿರುತ್ತದೆ. ವಿದ್ಯಾರ್ಥಿಗೆ ಪರೀಕ್ಷೆಯ ಹಿಂದಿನ ದಿನ ಪ್ರಶ್ನೆಪತ್ರಿಕೆ ಸಿಗುವುದಿಲ್ಲ. ಇದನ್ನು ತಾಂತ್ರಿಕ ತೊಂದರೆ ಎಂದು ಕರೆಯುವುದು ಅನ್ಯಾಯ. ಇದು ಅರ್ಧಕ್ಕೆ ಬಿಟ್ಟ ಕೆಲಸ.

ಕ್ಲೌಡ್ ಪರವಾದ ವಾದದಲ್ಲಿ ತೂಕವಿದೆ. ಅಲ್ಲಿ ಡಿಸ್ಕು ಸುಟ್ಟರೆ ಬದಲಿಸುವವರಿದ್ದಾರೆ, ಕರೆಂಟಿನ ಚಿಂತೆ ನಮ್ಮದಲ್ಲ. ಇಲ್ಲಿ ಗ್ರಂಥಪಾಲಕರೇ ಸರ್ವರ್ ನೋಡಿಕೊಳ್ಳಬೇಕು, ಅವರಿಗೆ ವರ್ಗಾವಣೆಯಾದರೆ ಪಾಸ್‌ವರ್ಡ್ ಕೂಡ ಹೊರಟುಹೋಗುತ್ತದೆ. ಆದರೆ ಬಾಡಿಗೆಗೆ ತಂದ ಯಂತ್ರದಲ್ಲೂ ಟರ್ಮಿನಲ್ಲಿನಲ್ಲಿ ಶುರುಮಾಡಿದ ಪ್ರೋಗ್ರಾಂ ಟರ್ಮಿನಲ್ ಮುಚ್ಚಿದೊಡನೆ ಸಾಯುತ್ತದೆ. ಬಾಡಿಗೆ ಕಟ್ಟಿದ ಮಾತ್ರಕ್ಕೆ ಬರೆಯದ ಸರ್ವಿಸ್ ಫೈಲು ಬರೆದಂತಾಗದು. ಜೊತೆಗೆ, ಇಂಟರ್ನೆಟ್ ತಂತಿ ಕಡಿದ ದಿನವೂ ಒಳಗಿನ ಸರ್ವರ್ ಇದ್ದರೆ ಪುಸ್ತಕ ಕೊಡುವ ಕೌಂಟರ್ ನಡೆಯುತ್ತದೆ. ಗೂಗಲ್ ಡ್ರೈವ್ ಇರುವಾಗ ಇದೆಲ್ಲ ಏಕೆ ಎನ್ನುವವರು ಗ್ರಂಥಾಲಯವನ್ನು ಫೈಲು ತುಂಬುವ ಚೀಲವೆಂದು ತಿಳಿದಿದ್ದಾರೆ.

ಇನ್ನೊಂದು ಆಕ್ಷೇಪ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದೆ: ಬಿದ್ದದ್ದನ್ನು ತಾನೇ ಎಬ್ಬಿಸುವ ವ್ಯವಸ್ಥೆ ದೋಷವನ್ನು ಮುಚ್ಚಿಡುವುದಿಲ್ಲವೇ? ಮುಚ್ಚಿಡಬಲ್ಲದು. ಹತ್ತು ಸೆಕೆಂಡಿನೊಳಗೆ ಐದು ಸಲ ಎಬ್ಬಿಸಿದ ಮೇಲೂ ಬಿದ್ದರೆ ಸಿಸ್ಟಮ್‌ಡಿ ಸಾಮಾನ್ಯವಾಗಿ ಕೈಬಿಡುತ್ತದೆ. ಆದರೆ ಎರಡು ಪ್ರಯತ್ನಗಳ ನಡುವೆ ಐದಾರು ಸೆಕೆಂಡು ಬಿಡುವು ಕೊಟ್ಟುಬಿಟ್ಟರೆ ಆ ಮಿತಿ ಎಂದೂ ತಾಗದೆ, ಪ್ರೋಗ್ರಾಂ ದಿನವಿಡೀ ಬೀಳುತ್ತ ಏಳುತ್ತ ಇರುತ್ತದೆ, ಯಾರಿಗೂ ಸುಳಿವಿರುವುದಿಲ್ಲ. ಹಾಗಾಗಿ ವಾರಕ್ಕೊಮ್ಮೆ ಲಾಗ್ ಓದುವ ಒಬ್ಬ ಮನುಷ್ಯ ಬೇಕೇ ಬೇಕು. ಬ್ಯಾಕಪ್ಪಿನ ಕಥೆಯೂ ಅಷ್ಟೇ: ಕೋಹಾ ದಿನವೂ ತಾನೇ ಪ್ರತಿ ತೆಗೆದಿಡುತ್ತದೆ, ಇಡುವುದು ಮಾತ್ರ ಅದೇ ಯಂತ್ರದಲ್ಲಿ. ಡಿಸ್ಕು ಹೋದರೆ ಎರಡೂ ಹೋದವು. ಅದನ್ನು ಬೇರೆ ಕಟ್ಟಡಕ್ಕೆ ಒಯ್ಯುವುದು ಮನುಷ್ಯರು ಗೊತ್ತುಮಾಡಬೇಕಾದ ಕೆಲಸ.

ಇದಕ್ಕೆಲ್ಲ ದೊಡ್ಡ ಯೋಜನೆ ಬೇಡ, ಕೊನೆಯ ಕಂತಿನ ಹಣ ಕೊಡುವ ಮುನ್ನ ಒಂದು ಪರೀಕ್ಷೆ ಸಾಕು. ಸಂಜೆ ಕಾಲೇಜು ಬಿಟ್ಟ ಮೇಲೆ ಪ್ರಾಂಶುಪಾಲರ ಎದುರಿನಲ್ಲೇ ಮೇನ್ ಸ್ವಿಚ್ ಆರಿಸಿ. ಬ್ಯಾಟರಿ ತಗ್ಗಿದಾಗ ಯುಪಿಎಸ್ ಸರ್ವರಿಗೆ ತಿಳಿಸಬೇಕು, ಸರ್ವರ್ ಡೇಟಾಬೇಸನ್ನು ಸರಿಯಾಗಿ ಮುಚ್ಚಿ ಮಲಗಬೇಕು. ಎಷ್ಟೋ ಕಡೆ ಅದಕ್ಕೆ ಬೇಕಾದ ಯುಎಸ್‌ಬಿ ಕೇಬಲ್ ಡಬ್ಬಿಯಿಂದಲೇ ಹೊರಬಂದಿರುವುದಿಲ್ಲ. ಆಮೇಲೆ ಸ್ವಿಚ್ ಹಾಕಿ. ವಿದ್ಯುತ್ ಮರಳಿದರೆ ಯಂತ್ರ ತಾನೇ ಶುರುವಾಗಬೇಕೆಂಬ ಆಯ್ಕೆ ಬಯೋಸಿನಲ್ಲಿದೆ, ಅದನ್ನು ಮೊದಲೇ ಆರಿಸಿಟ್ಟಿರಬೇಕು. ಯಾರೂ ಕೀಬೋರ್ಡ್ ಮುಟ್ಟದೆ ಕೋಹಾದ ಹುಡುಕಾಟವೂ ಡಿಸ್ಪೇಸಿನ ಪುಟವೂ ತೆರೆದುಕೊಂಡರೆ ಬಿಲ್ಲಿಗೆ ಸಹಿ ಹಾಕಬಹುದು.